ಕಡಂಗದ ತಿರುವು

ಅಕ್ಕನ ಮೊಲಗಳನ್ನು ನಾನು ಕೊಂದದ್ದು ದೋಹಾದ ಆಫೀಸಿನಲ್ಲಿ, ಏಸಿಯ ಕೆಳಗೆ, ಸ್ವೆಟರ್ ಹಾಕಿಕೊಂಡು ಕುಳಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲೋ ನನ್ನನ್ನು ನಾನೇ ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ. ಆ ಚಾಳಿ ನನಗಿದೆ.

ನನ್ನ ಕೆಲಸ ನಕ್ಷೆ ಬರೆಯುವುದು. ಸೈಟಿನಿಂದ ಸರ್ವೆಯವರು ಅಳತೆ ಕಳಿಸುತ್ತಾರೆ, ಡ್ರೋನ್ ಚಿತ್ರ ಕಳಿಸುತ್ತಾರೆ. ಅದರ ಮೇಲೆ ಗೆರೆ ಎಳೆದು, ಅಂಕುಡೊಂಕು ತೆಗೆದು, ಕಸ ಅಳಿಸಿ ಕೊಡಬೇಕು. ಕಸ ಎಂದರೆ ಯಾರೋ ನಿಲ್ಲಿಸಿಹೋದ ಪಿಕಪ್, ಹಾರಿ ಬಂದ ಪ್ಲಾಸ್ಟಿಕ್ಕು, ಬೇಲಿಯ ಪಕ್ಕ ಕೂತ ಒಂಟೆ. ಆಫೀಸಿನಲ್ಲಿ ಇದಕ್ಕೆ ಕ್ಲೀನ್ ಮಾಡುವುದು ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಕ್ಲೀನ್ ಮಾಡುತ್ತಿದ್ದೇನೆ. ಇಲ್ಲಿಯ ನೆಲವೂ ಅದಕ್ಕೆ ಹೇಳಿ ಮಾಡಿಸಿದಂತಿದೆ. ಬೇಲಿ ಎಂದರೆ ಬ್ಲಾಕಿನ ಗೋಡೆ, ಗೋಡೆ ಎಂದರೆ ನೇರ. ಕಾರಣವಿಲ್ಲದೆ ಗೆರೆ ಡೊಂಕಾಗಬಾರದು ಎಂದು ಹೊಸದಾಗಿ ಸೇರಿದವರಿಗೆಲ್ಲ ನಾನೇ ಪಾಠ ಹೇಳಿದ್ದೇನೆ. ಅಲ್ ಮುಂತಜಾದ ನಮ್ಮ ಫ್ಲಾಟಿನಲ್ಲಿ ಗೋಡೆಯ ಕ್ಯಾಲೆಂಡರ್ ಒಂದಿಷ್ಟು ವಾಲಿದ್ದರೂ ನನಗೆ ಅನ್ನ ಇಳಿಯುವುದಿಲ್ಲ. ಹೆಂಡತಿ ಬೇಕೆಂದೇ ವಾಲಿಸಿ ನಗುತ್ತಾಳೆ.

ನಮ್ಮೂರು ಕೊಡಗಿನ ಉತ್ತರದ ಅಂಚಿನಲ್ಲಿ, ಗುಡ್ಡದ ಮೇಲಿದೆ. ಅಲ್ಲಿ ನೇರವಾದದ್ದು ಏನೂ ಇಲ್ಲ. ನಮ್ಮ ಜಮೀನಿನ ನಟ್ಟನಡುವೆ ಒಂದು ಕಡಂಗ ಹಾದುಹೋಗುತ್ತದೆ. ಕಡಂಗ ಎಂದರೆ ಹಳೆಯ ಕಾಲದ ಕಂದಕ ಮತ್ತು ಅದರ ಮಣ್ಣನ್ನೇ ಪಕ್ಕಕ್ಕೆ ಎತ್ತಿ ಹಾಕಿ ಮಾಡಿದ ದಿಬ್ಬ. ರಾಜರು ನಾಯಕರು ಆಳುತ್ತಿದ್ದ ಕಾಲದಲ್ಲಿ ಒಂದು ನಾಡಿಗೂ ಇನ್ನೊಂದು ನಾಡಿಗೂ ನಡುವೆ ಗಡಿಯೆಂದು ತೋಡಿದ್ದಂತೆ. ಯಾರು ತೋಡಿದರು, ಯಾರಿಗೆ ಹೆದರಿ ತೋಡಿದರು, ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗುಡ್ಡ ಹತ್ತಿ, ಇಳಿದು, ಮತ್ತೆ ಹತ್ತಿ ಮೈಲುಗಟ್ಟಲೆ ಹೋಗುತ್ತದೆ. ನಮ್ಮ ಜಮೀನಿನಲ್ಲಿ ಒಂದು ಕಡೆ, ನೆಟ್ಟಗೆ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಬಾಗಿ, ಐವತ್ತು ಹೆಜ್ಜೆ ಸುತ್ತಿ, ಮತ್ತೆ ನೆಟ್ಟಗಾಗುತ್ತಿತ್ತು. ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಆ ತಿರುವಿನೊಳಗೆ ಕೂತು ಸೀಬೆಕಾಯಿ ತಿನ್ನುತ್ತಿದ್ದೆವು. ಗುಡ್ಡದ ಗಾಳಿ ಅಲ್ಲಿಗೆ ತಾಗುತ್ತಿರಲಿಲ್ಲ. ಅಲ್ಲೊಂದು ದೊಡ್ಡ ಮರವಿದ್ದಿರಬೇಕು, ಅದಕ್ಕೇ ಸುತ್ತಿ ಹೋಗಿದ್ದಾರೆ ಎಂದು ಅಪ್ಪ ಹೇಳುತ್ತಿದ್ದರು. ತೋಡಿದವರು ಕುಡುಕರು ಎಂದು ನಾನು ಹೇಳುತ್ತಿದ್ದೆ.

“ನಿನ್ನ ತಲೆ,” ಎನ್ನುತ್ತಿದ್ದಳು ಅಕ್ಕ. “ಅವರಿಗೆ ಮಣ್ಣು ಗೊತ್ತಿತ್ತು.”

ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ಮಗ್ಗಿ ಒಪ್ಪಿಸಿಕೊಂಡು ದೊಡ್ಡವನನ್ನಾಗಿ ಮಾಡಿದವಳು ಅವಳೇ. ಮದುವೆ ಬೇಡವೆಂದಳು. ಯಾಕೆ ಎಂದು ಕೇಳಿದರೆ, “ಒಬ್ಬನನ್ನ ಸಾಕಿದ್ದು ಸಾಕಾಗಿದೆ,” ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದಳು. ಅಪ್ಪನೂ ಹೋದ ಮೇಲೆ, ಪಶುವೈದ್ಯ ಇಲಾಖೆಯವರು ಮೊಲ ಸಾಕುವ ತರಬೇತಿ ಕೊಟ್ಟಾಗ ಹೋಗಿ ಕಲಿತು, ಒಂದು ಗಂಡು ಮೂರು ಹೆಣ್ಣು ಮೊಲ ತಂದಳು. ಮೊದಲು ಗೂಡಿನಲ್ಲೇ ಸಾಕಿದಳು. ಒಂದು ಬೇಸಗೆಯಲ್ಲಿ ಹೆಣ್ಣೊಂದು ತಪ್ಪಿಸಿಕೊಂಡಿತು. ಕಾಡುಬೆಕ್ಕು ತಿಂದಿರಬೇಕೆಂದು ಸುಮ್ಮನಾದಳು. ತಿಂಗಳು ಕಳೆದ ಮೇಲೆ ಅದು ಕಡಂಗದ ದಿಬ್ಬದಿಂದ ಆರು ಮರಿಗಳನ್ನು ಕಟ್ಟಿಕೊಂಡು ಹೊರಗೆ ಬಂತು. ಗೂಡಿನಲ್ಲಿ ಬಿಸಿಲಿಗೆ ಏದುಸಿರು ಬಿಡುತ್ತಿದ್ದವಕ್ಕಿಂತ ಅವು ಗುಂಡುಗುಂಡಾಗಿದ್ದವು. ಅಕ್ಕ ಅಷ್ಟು ನೋಡಿದ್ದೇ ತಡ, ದಿಬ್ಬದ ಒಂದು ಭಾಗಕ್ಕೆ ತಂತಿಬಲೆ ಹೂತು ಬೇಲಿ ಹಾಕಿ ಎಲ್ಲವನ್ನೂ ಅಲ್ಲಿಗೇ ಬಿಟ್ಟಳು.

ಕಡಂಗದಲ್ಲಿ ಯಾವ ಭಾಗ ಎಂದು ನಾನು ಕೇಳಲಿಲ್ಲ. ಪ್ರತಿ ಶುಕ್ರವಾರ, ಇಲ್ಲಿ ನಮಗೆ ರಜೆ, ನನ್ನ ಮಗಳು ವಿಡಿಯೋ ಕಾಲ್ ಮಾಡಿ, “ಅತ್ತೆ, ಮೊಲ ತೋರಿಸಿ,” ಎನ್ನುವಳು. ಮಗಳಿಗೆ ಕನ್ನಡ ಅಷ್ಟಕ್ಕಷ್ಟೇ. ಆ ಒಂದು ವಾಕ್ಯ ಮಾತ್ರ ತಪ್ಪಿಲ್ಲದೆ ಬರುತ್ತಿತ್ತು. ಅಕ್ಕ ಫೋನ್ ಹಿಡಿದುಕೊಂಡು ಗುಡ್ಡ ಹತ್ತುವಳು. ನಮಗೆ ಕಾಣುತ್ತಿದ್ದದ್ದು ಕೆಂಪು ಮಣ್ಣು, ಒಂದು ಬಿಲ, ಎರಡು ಕಿವಿ. ಮೊಲಗಳಿಗೆ ಹೆಸರಿಡಿ ಎಂದು ಮಗಳು ಪೀಡಿಸಿದರೆ, “ಮಾಂಸಕ್ಕೆ ಕೊಡೋದಕ್ಕೆ ಹೆಸರಿಡಬಾರದು ಪುಟ್ಟಿ,” ಎಂದು ನೇರವಾಗಿಯೇ ಹೇಳಿದ್ದಳು. ಅಕ್ಕನಿಗೆ ಮೊಲದ ಮೇಲೆ ಇದ್ದದ್ದು ಮುದ್ದಲ್ಲ, ಜವಾಬ್ದಾರಿ.

ತಾಯಿ ಮೊಲದ ಒಂದು ವಿದ್ಯೆಯನ್ನು ನಾವು ಅವಳಿಂದಲೇ ತಿಳಿದದ್ದು. ಅದು ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಬಿಲದಲ್ಲಿ ಹಾಸಿ ಮರಿ ಹಾಕುತ್ತದೆ. ದಿನಕ್ಕೆ ಒಂದೇ ಸಲ ಬಂದು ಹಾಲು ಕುಡಿಸುತ್ತದೆ. ಹೊರಡುವಾಗ ಮಣ್ಣು ತಳ್ಳಿ ಬಿಲದ ಬಾಯಿ ಮುಚ್ಚಿ, ಮೇಲೆ ಕಾಲಿನಿಂದ ತಟ್ಟಿ ಸಮ ಮಾಡಿಬಿಡುತ್ತದೆ. ಎದುರಿಗೆ ನಿಂತು ನೋಡಿದರೂ ಅಲ್ಲಿ ಬಿಲ ಇದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಅಕ್ಕ, ಮುಚ್ಚಿದ ಪ್ರತಿ ಬಿಲದ ಪಕ್ಕ ಮೊಣಕಾಲೆತ್ತರದ ಕೋಲು ನೆಟ್ಟು ಬಟ್ಟೆಯ ಚೂರು ಕಟ್ಟುತ್ತಿದ್ದಳು. ಹುಟ್ಟಿದ ವಾರಕ್ಕೆ ತಕ್ಕಂತೆ ಬಣ್ಣ.

ಆ ಚೂರುಗಳನ್ನು ಒಯ್ದು ಕೊಟ್ಟವನು ನಾನು. ದೋಹಾದ ನಜ್ಮಾ ಪೇಟೆಯಲ್ಲಿ ಪ್ಯಾಂಟಿನ ಕಾಲು ಚಿಕ್ಕದು ಮಾಡಿಸಲು ಹೋದಾಗ ಟೈಲರನ ಮೆಷಿನ್ ಕೆಳಗೆ ಸಲ್ವಾರ್ ಹೊಲಿದು ಉಳಿದ ಚೂರುಗಳು ರಾಶಿ ಬಿದ್ದಿದ್ದವು. ಗಿಳಿಹಸಿರು, ರಾಣಿ ಬಣ್ಣ, ಅರಿಶಿನ. ಕೇಳಿದೆ. ಒಯ್ಯಿರಿ ಭಾಯಿ, ಗುಡಿಸೋ ಕೆಲಸ ತಪ್ಪಿತು ಎಂದು ಚೀಲ ತುಂಬಿ ಕೊಟ್ಟ. ರಜೆಗೆ ಹೋದಾಗ ಚಿನ್ನ, ಸೆಂಟು, ಖರ್ಜೂರ ಒಯ್ಯುವವರ ನಡುವೆ ನಾನು ಚಿಂದಿ ಒಯ್ದೆ. ಅಕ್ಕ ಅದನ್ನು ಹಾಸಿಗೆಯ ಮೇಲೆ ಸುರಿದುಕೊಂಡು, ಹಬ್ಬಕ್ಕೆ ಸೀರೆ ಕೊಟ್ಟರೂ ಪಡದಷ್ಟು ಸಂಭ್ರಮ ಪಟ್ಟಳು.

ಜಮೀನು ಪಾಲು ಮಾಡಿಕೊಳ್ಳುವ ಮಾತು ತೆಗೆದವನೂ ನಾನೇ. ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವರು ಉಡುಪಿ ಕಡೆಯ ಕ್ರಿಶ್ಚಿಯನ್ನರು. ಶುಕ್ರವಾರ ಅಬು ಹಮೂರಿನ ಇಗರ್ಜಿಗೆ ಹೋಗಿಬಂದು, ಅಲ್ಲಿ ಕೇಳಿದ ಊರಿನ ತಕರಾರುಗಳನ್ನೆಲ್ಲ ಭಾನುವಾರ ನನಗೆ ಒಪ್ಪಿಸುವುದು ಅವರ ರೂಢಿ. “ಜಾಗ ಒಮ್ಮೆ ಕ್ಲಿಯರ್ ಮಾಡಿಕೊಳ್ಳಿ ಮಾರಾಯ್ರೆ. ನಾಳೆ ಮಕ್ಕಳ ಕಾಲಕ್ಕೆ ಯಾರು ಓಡಾಡುದು?” ಎಂದರು. ಅವರದ್ದು ತಪ್ಪಿಲ್ಲ, ಅವರು ಹೇಳದಿದ್ದರೂ ನಾನು ಮಾಡುತ್ತಿದ್ದೆ. ವಾಪಸು ಹೋದ ಮೇಲೆ ಗುಡ್ಡದ ಮೇಲೊಂದು ಮನೆ, ಮನೆಯವರೆಗೆ ಕಾರು ಹೋಗುವ ರಸ್ತೆ, ಈ ಆಸೆ ನನ್ನದೇ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

“ಸರಿ ಕಣೋ. ಕಡಂಗದ ಆಚೆ ನಿಂದು, ಈಚೆ ನಂದು. ದಿಬ್ಬ ನನ್ನ ಕಡೆಗಿರ್ಲಿ, ಮೊಲ ಇದಾವೆ. ಗೆರೆ ನೀನೇ ಎಳಿ. ಬೇರೆಯವರ ಗೆರೆ ನಂಗೆ ಬೇಡ.”

“ಆಯ್ತಕ್ಕ. ಡ್ರೋನ್ ಹಾರಿಸೋಕೆ ಹೇಳ್ತೀನಿ.”

“ನೀನೊಂದ್ಸಲ ಬಂದು ನಡ್ಕೊಂಡು ನೋಡು. ಅಲ್ಲೆಲ್ಲೋ ಕೂತ್ರೆ ಏನು ಕಾಣತ್ತೆ?”

“ಮೇಲಿಂದ ಎಲ್ಲಾ ಕಾಣತ್ತೆ ಅಕ್ಕ. ನಿನ್ನ ಬೈತಲೆ ಕೂಡ.”

“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು,” ಎಂದು ನಕ್ಕಳು. ನನ್ನ ಹಟಕ್ಕೆ ಅವಳು ಚಿಕ್ಕಂದಿನಿಂದ ಹೇಳುತ್ತಿದ್ದ ಮಾತು ಅದು. ಮೊಲ ಸಾಕಲು ಶುರು ಮಾಡಿದ ಮೇಲೆ ಅದಕ್ಕೊಂದು ಬಾಲ ಸೇರಿತ್ತು: “ಇಲ್ಲಿ ನಾಲ್ಕು ಕಾಲಿನವು ಐವತ್ತಿವೆ, ಬಂದು ಎಣಿಸು.” ಆ ದಿನ ಇನ್ನೂ ಒಂದು ಸೇರಿಸಿದಳು: “ಬೈತಲೇಲಿ ಬಿಳಿ ಕೂದಲು ಕಂಡ್ರೆ ಅಳಿಸಿಬಿಡು ಮಾರಾಯ. ನಿನ್ನ ಕೆಲಸ ಅದೇ ಅಲ್ವಾ?”

ಡ್ರೋನಿನ ಚಿತ್ರ ಬಂತು. ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು ತೆರೆದೆ. ಮೇಲಿಂದ ಎಲ್ಲವೂ ಕಾಣುತ್ತಿತ್ತು: ಮನೆಯ ಹೆಂಚು, ಒಣಗಲು ಹಾಕಿದ ಬಟ್ಟೆ, ಕಡಂಗ, ಅದರ ತಿರುವು. ತಿರುವಿನ ಉದ್ದಕ್ಕೂ ಹಸಿರು, ಗುಲಾಬಿ, ಹಳದಿ ಚುಕ್ಕಿಗಳು.

ಪಕ್ಕದ ಕುರ್ಚಿಯವರು ಬಗ್ಗಿ ನೋಡಿದರು. “ಇದೆಂತದು, ತೋರಣವಾ?”

“ಪ್ಲಾಸ್ಟಿಕ್. ನಮ್ಮೂರೂ ಕೆಟ್ಟುಹೋಯ್ತು ನೋಡಿ,” ಎಂದೆ. ನಿಜವಾಗಿಯೂ ಸಿಟ್ಟು ಬಂದಿತ್ತು. ಒಂದೊಂದೇ ಚುಕ್ಕಿಯನ್ನು ಅಳಿಸಿದೆ.

ಆಮೇಲೆ ಗೆರೆ. ಕಡಂಗದ ಬುಡದಲ್ಲೇ ಎಳೆದುಕೊಂಡು ಬಂದೆ. ತಿರುವು ಬಂದಲ್ಲಿ ಕೈ ನಿಂತಿತು. ಅಲ್ಲಿ ಗೆರೆ ಬಾಗಿದರೆ ನನ್ನ ಪಾಲಿನ ಮುಂಭಾಗ ಸೊಟ್ಟಗಾಗುತ್ತದೆ, ರಸ್ತೆಯೂ ಸುತ್ತಬೇಕಾಗುತ್ತದೆ. ಐವತ್ತು ಹೆಜ್ಜೆಯ ಬಾಗು, ಅದರಲ್ಲೇನಿದೆ? ಈ ತುದಿಯಿಂದ ಆ ತುದಿಗೆ ನೇರ ಎಳೆದೆ. ಅಕ್ಕನಿಗೆ ಮೋಸವಾಗಬಾರದೆಂದು, ಅಲ್ಲಿ ನನ್ನ ಕಡೆಗೆ ಬಂದಷ್ಟೇ ನೆಲವನ್ನು ಮೇಲಿನ ಮೂಲೆಯಲ್ಲಿ ಅವಳ ಕಡೆಗೆ ಬಿಟ್ಟೆ. ಅಳತೆ ಸರಿಹೋಯಿತು. ನಾನು ನ್ಯಾಯವಂತ ಎಂದು ನನಗೆ ಅನ್ನಿಸಿತು. ಡಬ್ಬಿ ತೆರೆದು ಊಟ ಮಾಡಿದೆ.

ಪಾಲು ಪತ್ರಕ್ಕೆ ಸಹಿ ಹಾಕಲು ಮೂರು ದಿನಕ್ಕೆ ಊರಿಗೆ ಹೋದೆ. ನೋಂದಣಿ ಕಚೇರಿಯಲ್ಲಿ ನಕ್ಷೆಯ ಸುರುಳಿಯನ್ನು ಅಕ್ಕನ ಮುಂದೆ ಇಟ್ಟೆ. ಅವಳು ಬಿಡಿಸಿ ನೋಡಲಿಲ್ಲ. “ನೀನು ಎಳೆದಿದ್ದಲ್ವಾ?” ಎಂದು ಕೇಳಿ, ಹೌದೆಂದ ಮೇಲೆ ಸಹಿ ಹಾಕಿದಳು. ಗುಡ್ಡಕ್ಕೆ ಬಾ, ಮೊಲ ನೋಡು ಎಂದು ಕರೆದಳು. ಮುಂದಿನ ಸಲ ಎಂದು ನಾನು ವಿಮಾನ ಹತ್ತಿದೆ. ಆ ಐವತ್ತು ಹೆಜ್ಜೆ ಅವತ್ತು ನಡೆದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಬೇಸಗೆಯ ಹೊತ್ತಿಗೆ ರಸ್ತೆಯ ಕೆಲಸಕ್ಕೆ ಒಬ್ಬ ಕಾಂಟ್ರಾಕ್ಟರನಿಗೆ ಹೇಳಿದೆ. ಸರ್ವೆಯವರು ಬೆಳಿಗ್ಗೆ ಬಂದು ನನ್ನ ನಕ್ಷೆಯ ಪ್ರಕಾರ ಕಲ್ಲು ನೆಟ್ಟರು. ಅದರ ಬೆನ್ನಿಗೇ ಜೆಸಿಬಿ ಬಂತು. ಅಕ್ಕ ಮೊಲಗಳಿಗೆ ಹಿಂಡಿ ತರಲು ಸಂತೆಗೆ ಹೋಗಿದ್ದಳು. ಕಾಂಟ್ರಾಕ್ಟರ್ ಫೋನ್ ಮಾಡಿದ.

“ಸಾರ್, ನಿಮ್ಮ ಕಲ್ಲಿನ ಒಳಗೆ ಒಂದು ಮಣ್ಣಿನ ದಿಬ್ಬ ಬರ್ತಿದೆ. ತಂತಿಬೇಲಿ ಏನೋ ಇದೆ. ತೆಗೀಲಾ?”

ನಾನು ಮೀಟಿಂಗಿಗೆ ಹೋಗುವ ಅವಸರದಲ್ಲಿದ್ದೆ. ತಂತಿಬೇಲಿ ಎಂಬ ಮಾತು ಕಿವಿಗೆ ಬಿತ್ತು. ಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

“ನಕ್ಷೆಯಲ್ಲಿ ಹೇಗಿದೆಯೋ ಹಾಗೆ ಮಾಡಿ. ಖಲಾಸ್,” ಎಂದೆ.

ಆಮೇಲೆ ಆದದ್ದನ್ನು ಅಕ್ಕ ನನಗೆ ಹೇಳಲಿಲ್ಲ. ಹೇಳಿದವನು ಕಾಂಟ್ರಾಕ್ಟರ್, ಎರಡು ದಿನ ಬಿಟ್ಟು, ಅಂಜುತ್ತಂಜುತ್ತ. ದೊಡ್ಡ ಮೊಲಗಳು ಬೇಲಿ ಹರಿದ ಕೂಡಲೇ ಪೊದೆಗೆ ನುಗ್ಗಿದವಂತೆ. ಅಕ್ಕ ಬಂದಾಗ ತಿರುವು ಇರಲಿಲ್ಲ, ಮಟ್ಟವಾದ ಕೆಂಪು ನೆಲವಿತ್ತು. ಹೆಣ್ಣು ಮೊಲಗಳು ಒಂದೊಂದಾಗಿ ತಿರುಗಿ ಬಂದು ಆ ನೆಲವನ್ನು ಕೆರೆಯುತ್ತಿದ್ದವು. ಅಕ್ಕ ಕೂಗಾಡಲಿಲ್ಲವಂತೆ. ಜೆಸಿಬಿಯ ಎಂಜಿನ್ ನಿಲ್ಲಿಸಲು ಹೇಳಿ, ಮಂಡಿಯೂರಿ, ನೆಲಕ್ಕೆ ಕಿವಿಯಿಟ್ಟು ಕೇಳಿದಳಂತೆ. ಕೈಯಲ್ಲೇ ಅಗೆದಳಂತೆ.

“ಎಲ್ಲಿ ಅಗೀಬೇಕು ಅಂತ ಅವರಿಗೂ ಗೊತ್ತಾಗ್ಲಿಲ್ಲ ಸಾರ್. ಗುರುತೆಲ್ಲ ಹೋಗಿತ್ತು. ಕತ್ತಲಾಗೋವರೆಗೂ ಅಗೆದ್ರು. ನಾವೂ ಅಗೆದ್ವಿ. ಒಂಬತ್ತು ಮರಿ ಸಿಕ್ತು.”

ಜೀವ ಇತ್ತಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಕ್ಕ ನನಗೆ ಫೋನ್ ಮಾಡಿದ್ದು ಮಾರನೆಯ ದಿನ. ಸಿಟ್ಟಿಲ್ಲ, ಅಳುವಿಲ್ಲ. ಏನೋ ಸಾಮಾನು ಕಳೆದವಳ ಹಾಗೆ ಕೇಳಿದಳು.

“ಆ ತಿರುವು ಎಲ್ಲಿ ಹೋಯ್ತೋ?”

“ಅಳತೆ ಸರಿಯಿದೆ ಅಕ್ಕ. ಅಷ್ಟೇ ಜಾಗ ಮೇಲಿನ ಮೂಲೇಲಿ ನಿಂಗೆ ಬಿಟ್ಟಿದೀನಿ.” ಆಗ ನನಗಿನ್ನೂ ಏನೂ ಗೊತ್ತಿರಲಿಲ್ಲ ಎನ್ನುವುದು ನಿಜ. ಆದರೂ ಆ ಮಾತು ಬಾಯಿಂದ ಹೋಯಿತಲ್ಲ.

“ಸರಿ ಕಣೋ,” ಎಂದು ಇಟ್ಟಳು.

ಕಾಂಟ್ರಾಕ್ಟರ್ ಹೇಳಿದ ಮೇಲೆ ನಾನು ಫೋನ್ ಮಾಡಿ ಅತ್ತುಬಿಟ್ಟೆ. ಕ್ಷಮಿಸು ಎಂದೆ. ಗೆರೆ ಬದಲಾಯಿಸುತ್ತೇನೆ, ದಿಬ್ಬ ಮತ್ತೆ ಕಟ್ಟಿಸುತ್ತೇನೆ, ರಸ್ತೆ ಬೇಡ ಎಂದೆ. “ಗೊತ್ತಿಲ್ದೆ ಆಗಿದ್ದು ಬಿಡು,” ಎಂದಳು. ಕೊನೆಗೆ, ಕೇಳಲೋ ಬೇಡವೋ ಎಂಬಂತೆ, “ಗೊತ್ತಿಲ್ದೇ ಅಲ್ವಾ?” ಎಂದು ಕೇಳಿದಳು. ಹೌದು ಅಕ್ಕ, ದೇವರಾಣೆ, ಎಂದೆ. ಉಳಿದ ಮೊಲಗಳನ್ನು ಯಾರುಯಾರಿಗೋ ಕೊಟ್ಟುಬಿಟ್ಟಳು.

ಶುಕ್ರವಾರ ಬಂತು. ಮಗಳು ತನ್ನ ವಾಕ್ಯ ಹೇಳಿದಳು. “ಈಗ ಸಾಕ್ತಿಲ್ಲ ಪುಟ್ಟಿ. ನಂಗೆ ವಯಸ್ಸಾಯ್ತು,” ಎಂದಳು ಅಕ್ಕ. ನನ್ನ ಹೆಸರು ಎತ್ತಲಿಲ್ಲ. ಅವಳಿಗಿನ್ನೂ ಅರವತ್ತೂ ಆಗಿಲ್ಲ. ಅತ್ತೆ ಬೇಜಾರಲ್ಲಿದ್ದಾರೆ ಎಂದು ಮಗಳಿಗೂ ತಿಳಿಯಿತು. ಒಂದು ಸಂಜೆ ಸೂಕ್ ವಾಕಿಫಿನಲ್ಲಿ ಪ್ರಾಣಿ ಪಕ್ಷಿ ಮಾರುವ ಸಾಲಿಗೆ ಎಳೆದುಕೊಂಡು ಹೋಗಿ, ಒಂದು ಬಿಳಿ ಮೊಲ ತೋರಿಸಿ, ಅತ್ತೆಗೆ ಕಳಿಸೋಣ ಎಂದಳು. ಆ ಮೊಲ ಪಂಜರದ ಕಬ್ಬಿಣದ ತಳವನ್ನು ಮುಂಗಾಲಿನಿಂದ ಕೆರೆಯುತ್ತಲೇ ಇತ್ತು. ಅಲ್ಲಿ ಮಣ್ಣಿಲ್ಲವೆಂದು ಅದಕ್ಕೆ ಹೇಳುವವರು ಯಾರು? ಮಗಳ ಕೈಹಿಡಿದು ಹೊರಗೆ ಬಂದುಬಿಟ್ಟೆ. ಅವಳು ದಾರಿಯುದ್ದಕ್ಕೂ ಮುನಿಸಿಕೊಂಡಿದ್ದಳು.

ಅಕ್ಕ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು. ಊಟ ಆಯ್ತಾ, ಮಗು ಹೇಗಿದೆ, ಅಲ್ಲಿ ಸೆಕೆ ಎಷ್ಟು, ಇಷ್ಟೇ. ನಾನು ಬೇಕೆಂದೇ ಹಟ ಮಾಡಿ ನೋಡಿದೆ. ಕಾಫಿಗೆ ಚಿಕೋರಿ ಹಾಕಲೇಬಾರದು ಎಂದೆ, ಅವಳಿಗೆ ಮೈಯುರಿಯುವ ಮಾತು ಅದು. ಮೂರೇ ಕಾಲು ಎನ್ನಲಿ ಎಂದು ಕಾದೆ. “ಆಗ್ಲಿ, ನೀನು ಹೇಳಿದ ಹಾಗೇ,” ಎಂದಳು. ನನ್ನನ್ನು ಬೈಯುವವರು ಲೋಕದಲ್ಲಿ ಯಾರೂ ಉಳಿದಿಲ್ಲ ಎಂದು ಅವತ್ತು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹೀಗೇ ಒಂದು ವರ್ಷದ ಮೇಲಾಯಿತು. ಕಳೆದ ತಿಂಗಳು ಪಕ್ಕದ ಕುರ್ಚಿಯವರು ರಜೆ ಮುಗಿಸಿ ಬಂದರು. ಅವರ ಹೆಂಡತಿಯ ತವರು ಮಡಿಕೇರಿ. ಅಕ್ಕ ಅಲ್ಲಿಯವರೆಗೂ ಹೋಗಿ ನನಗೆಂದು ಒಂದು ಗಂಟು ಕೊಟ್ಟಿದ್ದಳು. ಬಿಚ್ಚಿದೆ. ಕಾಫಿಪುಡಿ. ಅದರ ಕೆಳಗೆ ನಜ್ಮಾದ ಚೀಲ. ಒಳಗೆ ಬಟ್ಟೆಯ ಚೂರುಗಳು, ಒಗೆದು ಮಡಿಸಿ, ಬಣ್ಣ ಬಣ್ಣಕ್ಕೆ ಬೇರೆ ಬೇರೆ ಕಟ್ಟು. ಕೆಲವದರಲ್ಲಿ ಕೆಂಪು ಮಣ್ಣಿನ ಕಲೆ ಹೋಗಿರಲಿಲ್ಲ.

“ಎಂತ ಮಾರಾಯ್ರೆ, ಟೈಲರಿಂಗ್ ಶುರು ಮಾಡಿದಿರಾ?” ಎಂದು ನಕ್ಕವರು, ಒಂದು ಚೂರು ಎತ್ತಿ ಬೆಳಕಿಗೆ ಹಿಡಿದರು. “ಈ ಬಣ್ಣ ನಾನು ಎಲ್ಲಿಯೋ ನೋಡಿದ್ದೇನೆ,” ಎಂದರು.

ನಾನೂ ನೋಡಿದ್ದೆ. ಕ್ಲೀನ್ ಮಾಡುವ ಮೊದಲಿನ ಚಿತ್ರ ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ತೆರೆದು ದೊಡ್ಡದು ಮಾಡಿದೆ. ಗಿಳಿಹಸಿರು, ರಾಣಿ ಬಣ್ಣ, ಅರಿಶಿನ. ತಿರುವಿನ ಈ ತುದಿಯಿಂದ ಆ ತುದಿಯವರೆಗೆ ಮೂವತ್ತೊಂದು. ಒಂದೊಂದು ಚುಕ್ಕಿಯ ಬುಡದಲ್ಲೂ ನೆರಳಿತ್ತು. ನೆರಳು ನೋಡಿ ಎತ್ತರ ಹೇಳುವುದು ನನ್ನ ಕಸುಬು. ಆ ಕೋಲುಗಳು ಮೊಣಕಾಲೆತ್ತರದವಲ್ಲ, ಆಳೆತ್ತರಕ್ಕಿಂತ ಹೆಚ್ಚಿನವು. ಕಾರಣವಿಲ್ಲದೆ ಹಾಗಾಗುವುದಿಲ್ಲ.

ಮೆಟ್ಟಿಲ ಬಳಿ ಹೋಗಿ ಫೋನ್ ಮಾಡಿದೆ.

“ಅಕ್ಕ, ಡ್ರೋನ್ ಬಂದ ದಿನ ಕೋಲು ಯಾಕೆ ಅಷ್ಟು ಎತ್ತರ ಇದ್ವು?”



“ಮೇಲಿಂದ ಎಲ್ಲಾ ಕಾಣತ್ತೆ ಅಂದಿದ್ಯಲ್ಲ,” ಎಂದಳು. “ಮೊಲ ಎಲ್ಲೆಲ್ಲಿ ಇದಾವೆ ಅಂತ ನಿಂಗೆ ಗೊತ್ತಾಗ್ಲಿ ಅಂತ ಬೆಳಿಗ್ಗೆಯಿಂದ ಉದ್ದದ ಕೋಲು ಕಡಿದು ಕಟ್ಟಿದ್ದೆ. ನೀನೇ ತಂದ ಬಟ್ಟೆ, ನೋಡಿದ ತಕ್ಷಣ ಗುರುತು ಸಿಗತ್ತೆ ಅಂದ್ಕೊಂಡೆ.” ಆಮೇಲೆ ಕೇಳಿದಳು: “ನಿಂಗೆ ಕಂಡಿರ್ಲಿಲ್ಲ ಅಲ್ವಾ?”

ವರ್ಷದಿಂದ ಅವಳು ಹಿಡಿದುಕೊಂಡಿದ್ದದ್ದು ಈ ಒಂದು ಪ್ರಶ್ನೆ. ಇಲ್ಲ ಎಂದರೆ ಅವಳಿಗೆ ನೆಮ್ಮದಿ, ನನಗೂ. ಕ್ಲೀನ್ ಮಾಡಿಬಿಡುವುದು ನನಗೆ ಎಷ್ಟು ಸುಲಭ.

“ಕಂಡಿತ್ತು ಅಕ್ಕ,” ಎಂದೆ. “ಕಸ ಅಂದ್ಕೊಂಡು ಅಳಿಸಿದೆ.”

ಅಕ್ಕ ಅತ್ತದ್ದನ್ನು ನಾನು ಕೇಳಿದ್ದು ಅಮ್ಮ ಹೋದಾಗ ಒಂದು ಸಲ. ಇದು ಎರಡನೆಯದು.